ಮುಯ್ಯಿ

ಟಾರ್ಟುವಿನ ಉರ್ವೆಗೆ ಪಿಯಾನೋ ಶ್ರುತಿ ಮಾಡುವುದೇ ಕಸುಬು.
ಹೆಲ್ದುರ್‌ಗೆ ಅದೇ ಪಿಯಾನೋಗಳನ್ನು
ಮಹಡಿ ಹತ್ತಿಸುವುದು, ಇಳಿಸುವುದು. ಮೂವರು ಆಳು, ಒಂದು ವ್ಯಾನು,
ಸೊಂಟಕ್ಕೆ ದಪ್ಪ ಪಟ್ಟಿ.
ಒಂದು ಜೂನ್ ಸಂಜೆ ನದಿಯ ದಂಡೆ,
ಹೊಗೆಯಲ್ಲಿ ಬೇಯಿಸಿದ ಮೀನು, ಕರಿ ರೊಟ್ಟಿ,
ಹತ್ತು ಹೊಡೆದರೂ ಮುಳುಗಲೊಲ್ಲದ ಸೂರ್ಯ.
ಆಗ ಆದ ಮಾತು:
ನಿನ್ನ ಪುಟದಲ್ಲಿ ನನ್ನ ಕೊಂಡಿ, ನನ್ನದರಲ್ಲಿ ನಿನ್ನದು.
ಹುಡುಕುವವರಿಗೆ ಇಬ್ಬರೂ ಸಿಗೋಣ.

ನಮ್ಮಲ್ಲಾದರೆ ಇದಕ್ಕೆ ಮುಯ್ಯಿ ಅನ್ನುತ್ತಿದ್ದೆವು.
ಮದುವೆಮನೆಯ ಪುಸ್ತಕದಲ್ಲಿ ಬರೆದಿಟ್ಟು
ಮುಂದಿನ ಮದುವೆಗೆ ಅಷ್ಟೇ ತಿರುಗಿಸುವುದು.
(ಅದೇ ಪದ ಸೇಡಿಗೂ ಸಲ್ಲುತ್ತದೆ.
ಅದು ಉರ್ವೆಗೆ ಗೊತ್ತಿಲ್ಲ.)

ಅವಳು ಅವನ ಹೆಸರನ್ನು
ಶ್ರುತಿಕವಲಿನ ಚಿತ್ರದ ಕೆಳಗೇ ಹಾಕಿದಳು, ಜೊತೆಗೊಂದು ಸಾಲು:
ನನ್ನ ಅಮ್ಮನ ಪಿಯಾನೋ ಮುಟ್ಟಲು ಇವನೊಬ್ಬನನ್ನೇ ಬಿಟ್ಟೆ.
ಅವನು ಅವಳದನ್ನು
'ಗೆಳೆಯರು' ಅನ್ನುವ ಪುಟದ ತಳದಲ್ಲಿ,
ರೀಗಾದ ಟೈರಿನಂಗಡಿ, ಕಟ್ಟುಹಲ್ಲಿನ ಡಾಕ್ಟರು,
ಎಲ್ಲಿಯದೋ ಜೂಜುಕಟ್ಟೆ,
ಮೂವತ್ತೊಂಬತ್ತರಲ್ಲಿ ಮೂವತ್ತೊಂದನೆಯದಾಗಿ.

ಸಹಿಸಿದಳು.
ನವೆಂಬರಿನಲ್ಲಿ, ಮೊದಲ ಪುಟದ ಮೂರನೆಯ ಜಾಗದಿಂದ ಜಾರಿ
ಯಾರೂ ತಿರುವಿ ನೋಡದ ಎರಡನೆಯ ಪುಟಕ್ಕೆ ಬಿದ್ದಾಗ
ಅಕ್ಕನ ಮಗಳು ಕೆರ್ತುವನ್ನು ಕರೆದಳು.
ಕೆರ್ತು ಹೆಲ್ದುರನ ಪುಟದ ಒಳಮೈ ಬಿಚ್ಚಿದಳು,
ಮೀನಿನ ಹೊಟ್ಟೆ ಸೀಳಿದ ಹಾಗೆ.
ಉರ್ವೆಯ ಹೆಸರಿನ ಪಕ್ಕದಲ್ಲೇ
ಯಂತ್ರಕ್ಕೆ ಮಾತ್ರ ಕೇಳುವ ಪಿಸುಮಾತು:
ಈ ಕೊಂಡಿ ಹಿಡಿದು ಹೋಗಬೇಡ. ಲೆಕ್ಕಕ್ಕೆ ಹಿಡಿಯಬೇಡ.

ಎದುರಿಗೆ ಕೈಕುಲುಕಿ
ಬೆನ್ನ ಹಿಂದೆ ಕಣ್ಣು ಹೊಡೆದವನೇ!
"ಹಾಗಲ್ಲ ಚಿಕ್ಕಮ್ಮ," ಅಂದಳು ಕೆರ್ತು,
"ಕೊಟ್ಟು ತಗೊಂಡ ಕೊಂಡಿ ಹೊಗಳಿಕೆ ಅಲ್ಲವಂತೆ,
ಹಾಗಂತ ಗುರುತು ಹಾಕಬೇಕಂತೆ.
ಅವನು ಮಾಡಿದ್ದು ಸರಿ.
ಯಂತ್ರಕ್ಕೆ ಅನುಮಾನ ಬಂದಿದ್ದರೆ, ಅದು ನಿನ್ನ ಮೇಲೆ."

ಗೆಳೆತನಕ್ಕೆ ಸುಳ್ಳಾದದ್ದು ಲೆಕ್ಕಕ್ಕೆ ನಿಜ.
ಇದನ್ನು ಯಾವ ಮನೆ ಒತ್ತಿ ಕೇಳಬೇಕು?

ಹಾಗೆ ನೋಡಿದರೆ ಅವಳ ಕಸುಬೇ ಅದು.
ಪ್ರತಿ ಪಂಚಮವನ್ನೂ ಕೂದಲೆಳೆಯಷ್ಟು ತಗ್ಗಿಸಿ
ಎಲ್ಲಕ್ಕೂ ಇಷ್ಟಿಷ್ಟೇ ಮೋಸ ಹಂಚಿದ ಮೇಲೆಯೇ
ಯಾವ ಸ್ವರದಿಂದ ಹೊರಟರೂ ಪಿಯಾನೋ ಹಾಡುವುದು.
ಎಲ್ಲವೂ ಶುದ್ಧವಾಗಿರಲೆಂದು ಹಟ ಹಿಡಿದರೆ
ಕಡೆಯದೊಂದು ತೋಳದಂತೆ ಊಳಿಡುತ್ತದೆ.
ಇದು ಗೊತ್ತಿದ್ದೂ ಆ ರಾತ್ರಿ
ಅವನ ಹೆಸರಿನ ಮೇಲೆ ಬೆರಳಿಟ್ಟು ಕೂತಳು,
ಅಳಿಸಲೋ, ತಾನೂ ಪಿಸುಗುಡಲೋ.

ಬೆಳಿಗ್ಗೆ ಎಲ್ವಾದ ಶಾಲೆ. ಹಳೆಯ ಪಿಯಾನೋ,
ಬೇಸಿಗೆಯಲ್ಲಿ ಎಲ್ಲಿಂದಲೋ ಸಾಗಿಸಿ ತಂದದ್ದು.
ಮುಂದಿನ ಹಲಗೆ ಕಳಚಿದರೆ ಒಳಗೆ
ಬಡಗಿ ಪೆನ್ಸಿಲ್ಲಿನಲ್ಲಿ ಹೆಲ್ದುರನ ಡೊಂಕು ಅಕ್ಷರ:
ಶ್ರುತಿಗೆ ಉರ್ವೆ. ಬೇರೆ ಯಾರನ್ನೂ ಕರೆಯಬೇಡಿ.
ಕೆಳಗೆ ಫೋನ್ ನಂಬರು. ಅದರಲ್ಲೊಂದು ಅಂಕಿ ತಪ್ಪು.

"ಹೌದು," ಅಂದ ಶಾಲೆಯ ಕಾವಲುಗಾರ,
"ಮೊದಲು ಪ್ಯಾರ್ನುವಿನ ಬೇಕರಿಗೆ ಹೋಯಿತು.
ತಿಂಗಳಿಗೆ ಎರಡು ಸಲವಾದರೂ
ಯಾರಾದರೂ ಪಿಯಾನೋ ಅಂತ ಕೇಳುತ್ತಾರಂತೆ.
ಸಾಕಾಗಿ ಆ ಹೆಂಗಸು ನಿಮ್ಮ ನಂಬರು ಹುಡುಕಿ
ಒಲೆಯ ಪಕ್ಕ ಅಂಟಿಸಿಕೊಂಡಿದ್ದಾಳೆ. ಅವಳೇ ಕೊಟ್ಟಳು."

ಎಷ್ಟು ಪಿಯಾನೋಗಳ ಒಳಗೆ, ಎಷ್ಟು ವರ್ಷದಿಂದ
ಅವಳ ಹೆಸರು ಕತ್ತಲಲ್ಲಿ ಕೂತಿದೆಯೋ,
ಯಾವ ಯಂತ್ರವೂ ಎಣಿಸದೆ.
ಉರ್ವೆ ನಕ್ಕಳೋ ಬೈದಳೋ ಕಾವಲುಗಾರನಿಗೆ ತಿಳಿಯಲಿಲ್ಲ.
ಹೆಬ್ಬೆರಳಿಗೆ ಉಗುಳು ಹಚ್ಚಿ ಏಳನ್ನು ಉಜ್ಜಿ
ಒಂದು ಮಾಡಿದಳು.
ಹಲಗೆ ಮುಚ್ಚುವ ಮುನ್ನ ಪೆನ್ಸಿಲ್ ಮತ್ತೆ ಎತ್ತಿ
ಪಕ್ಕದಲ್ಲಿ ಬರೆದಳು: ಸಾಗಿಸಲು, ಹೆಲ್ದುರ್.
ನಂಬರೂ ಬರೆದಳು, ಒಂದೊಂದೇ ಅಂಕಿ.
ಕಡೆಯದರ ಹತ್ತಿರ
ಕೈ ನಿಂತಿತು.