ಗುಂಡಿಯೊಳಗಿಂದ

ಗ್ಯಾರೇಜಿನ ಗುಂಡಿಯಾಗ ನಿಂತವನಿಗೆ
ಮಂದಿ ಮೊಣಕಾಲ ತನಕ ಅಷ್ಟೇ ಕಾಣ್ತಾರ.
ಘಾಳೆಪ್ಪ ಅಂದ್ರ ನನಗ ಈಗ ಎರಡು ಪಾದ.
ಎಡಗಾಲಿನ ಚಪ್ಪಲಿಗೆ ತಾಮ್ರದ ತಂತಿ ಬಿಗಿದಾನ,
ಹೆಬ್ಬೆರಳಿನ ಉಗುರಿನಾಗ ಶುಂಠಿ ಹೊಲದ ಕೆಂಪು.
ಮುಂದ ಹೋಗ್ತಾವ, ಬಾನೆಟ್ ಹತ್ರ ನಿಲ್ತಾವ,
ತಿರುಗಿ ಬರ್ತಾವ.
ಆರು ಗಂಟೆಗೆ ಹೆಸರು ಬರಸೋದು ಬಂದ್.

ಹುಮನಾಬಾದ್ ಬೈಪಾಸಿನ ಆಚೆ, ಇಟ್ಟಂಗಿ ಭಟ್ಟಿ ಹಿಂದಿನ ಬಯಲಾಗ
ನಾಳೆ ಎರಡೆರಡು ಪಿಕಪ್ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ
ನಡುವ ಸರಪಳಿ ಕಟ್ಟಿ ಜಗ್ಗಸ್ತಾರ.
ಸುಣ್ಣದ ಗೆರಿ ದಾಟಿಸಿ ಎಳದವನಿಗೆ
ಇಪ್ಪತ್ತೊಂದು ಸಾವಿರ, ಒಂದು ಟಗರು,
ಮತ್ತ ಗಾಜಿನ ಮ್ಯಾಲ ಹಚ್ಚಲಿಕ್ಕ ಒಂದು ಸ್ಟಿಕರ್.
ರೊಕ್ಕ, ಟಗರು ಎಲ್ಲಾ ಬಾಯಿಮಾತು.
ಇವ ಬಂದದ್ದು ಸ್ಟಿಕರಿನ ಸಲುವಾಗಿ.

ಯಾಕಂದ್ರ ಹೋದ ಸುಗ್ಗ್ಯಾಗ, ತೂಕದ ಕಾಟಾದ ಮ್ಯಾಲ,
ಹತ್ತು ಮಂದಿ ಎದುರಿಗೆ
ಚಿಟಗುಪ್ಪದ ತುಳಜಾರಾಮ ಅಂದಿದ್ದ:
"ನಿನ್ನ ಗಾಡಿ ಮಾಲ್ ಹೊರ್ತದ ಘಾಳ್ಯಾ, ಮಾತು ಹೊರಂಗಿಲ್ಲ."
ಎಲ್ಲಾರ ಕೂಡ ಇವನೂ ನಕ್ಕಿದ್ದ.
ಆ ನಗು ಇನ್ನೂ ಗಾಡಿಯಾಗೇ ಅದ,
ಸೀಟಿನ ಕೆಳಗ, ಜಾಕಿನ ಬಾಜೂಕ.

"ಕ್ಲಚ್ ಪ್ಲೇಟ್ ಹೆಂಗದ ಲಾಡ್ಲೇ?"
"ಶುಂಠಿ ಹೊರಲಿಕ್ಕ ಬರಾಬರ್ ಅದ."
ಇದು ಉತ್ತರ ಅಲ್ಲಂತ ಇಬ್ಬರಿಗೂ ಗೊತ್ತು.

ಹೂಂ ಅಂದ್ರ ಸೋಮವಾರ ಇದೇ ಗಾಡಿ
ಸುಟ್ಟ ವಾಸನಿ ಹೊತ್ಕೊಂಡು ಇದೇ ಗುಂಡಿಗೆ ಬರ್ತದ.
ನನಗ ಎರಡು ದಿನದ ಕೆಲಸ.
ಬ್ಯಾಡ ಅಂದ್ರ, ನಾಳೆ ಯಾರೋ ಗೆದ್ದಾಗ
ಆ ಸ್ಟಿಕರ್ ನಾನೇ ಹರದಂಗ.
ಹಿಂಗಾಗಿ ನಟ್ಟು ಬಿಗಿದೆ. ಬಿಗಿದದ್ದೇ ಮತ್ತ ಬಿಗಿದೆ.

ಫೋನ್ ಬಡೀತು. ಸುಗಂಧಾಬಾಯಿ.
ಕಂತಿನ ಪಾಸ್‌ಬುಕ್ ಅಕಿ ಅಕ್ಕಿ ಡಬ್ಬ್ಯಾಗ ಇಟ್ಟಾಳ,
ಇನ್ನೂ ಒಂಬತ್ತು.
"ಗ್ರೀಸ್ ಹಚ್ಚಲತ್ತಾರ, ಬರ್ತೀನಿ" ಅಂದ.
ಗ್ರೀಸ್ ಡಬ್ಬಿ ಮುಚ್ಚಳ ನಾ ತೆಗದೇ ಇರಲಿಲ್ಲ.

ಒಂದು ಲೆಕ್ಕ ನನಗ ಗೊತ್ತದ, ಯಾರಿಗೂ ಹೇಳಿಲ್ಲ.
ಸರಪಳಿಗೆ ಎರಡೂ ಕಡೆ ಒಂದೇ ಜೋರು.
ಎಂಜಿನ್ ಎಷ್ಟು ಒದರಿದರೂ, ಗೆಲ್ಲಸೋದು
ಟೈರಿನ ಅಡಿ ಇರೋ ಅಂಗೈಯಷ್ಟು ಮಣ್ಣು.
ನಾಲ್ಕು ಟೈರಿಗೆ ನಾಲ್ಕು ಅಂಗೈ.
ಆ ಮಣ್ಣು ಯಾರ ಕಡೆ ಒಂಚೂರು ಹಸಿ ಇತ್ತೋ
ಅವ ಹೊಗಿ ಎಬ್ಬಿಸ್ಕೋತ ಹಿಂದಕ್ಕ ಹೋಗ್ತಾನ,
ಮಂದಿ ಅವನ ಹೆಸರು ಹಿಡದು ಕೂಗ್ತಾರ,
ಮಣ್ಣಿನ ಹೆಸರು ಯಾರೂ ಹಿಡಿಯಂಗಿಲ್ಲ.

ಪಾದ ನಿಂತವು. ಮೊಣಕಾಲು ಮಡಚಿದವು.
ಆಮ್ಯಾಲ ಬಂಪರ್ ಕೆಳಗ ತಲಿಕೆಳಗಾಗಿ ಒಂದು ಮಾರಿ ಬಂತು,
ಎರಡು ದಿನದ ಗಡ್ಡ.
"ಖರೇ ಹೇಳು. ಗಾಡಿ ನಿಂದಾಗಿದ್ರ ಏನ್ ಮಾಡ್ತಿದ್ದಿ?"

"ನಂದಾಗಿದ್ರ ಇಷ್ಟೊತ್ತಿಗೆ ಹೆಸರು ಬರಸಿ ಬಂದಿರ್ತಿದ್ದೆ" ಅಂದೆ.
"ಅದಕ್ಕೇ ನಂದು ಅಂತ ಒಂದೂ ಉಳೀಲಿಲ್ಲ."

ಮಾರಿ ಮ್ಯಾಲ ಹೋತು. ನಕ್ಕನೋ ಏನೋ, ಗೊತ್ತಾಗಲಿಲ್ಲ.
ಬಾಗಿಲು ಬಡೀತು. ಎಂಜಿನ್ ಹತ್ತಿತು,
ನನ್ನ ಭುಜದ ಮ್ಯಾಲ ಒಂದು ಹನಿ ಎಣ್ಣಿ ಬಿತ್ತು.

ನಮ್ಮ ಗ್ಯಾರೇಜಿನಿಂದ ಬಲಕ್ಕ ಹೊರಳಿದ್ರ ಅವನ ಮನಿ,
ಎಡಕ್ಕ ಹೋದ್ರ ಭಟ್ಟಿ.
ಗುಂಡಿಯಾಗಿಂದ ಇಂಡಿಕೇಟರಿನ ದೀಪ ಕಾಣಂಗಿಲ್ಲ.
ಆದ್ರ ಎಡಗಡೆ ಹಿಂದಿನ ಬಲ್ಬ್ ಹೋದ ವಾರವೇ ಸುಟ್ಟದ,
ನಾಳೆ ಹಾಕಸ್ತೀನಿ, ನಾಳೆ ಹಾಕಸ್ತೀನಿ ಅನ್ಕೋತ ಬಂದಾನ.
ಒಂದು ಬಲ್ಬ್ ಸತ್ತ ಕಡೆ ಸಪ್ಪಳ ಗಡಿಬಿಡಿ ಮಾಡ್ತದ.
ನಿಧಾನಕ್ಕ ಟಿಕ್, ಟಿಕ್ ಅಂದ್ರ ಬಲ.

ಕಿವಿಗೊಟ್ಟು ನಿಂತೆ.
ಟಿಕಟಿಕಟಿಕಟಿಕ.

ಗಾಡಿ ಮಾತ್ರ ಕದಲಿಲ್ಲ.
ಆರಕ್ಕ ಇನ್ನೂ ಹತ್ತು ಮಿನಿಟ್ ಅದ,
ಬಲ್ಬ್ ನನ್ನ ಜೇಬಿನಾಗೇ ಅದ.