ಎಂಬತ್ತು ಎಡಗಾಲು

ಆ ಬೆಳಿಗ್ಗೆ ನನ್ನ ಎಡಗಣ್ಣು ಅದುರುತ್ತಿತ್ತು.
ಹೆಂಗಸರಿಗೆ ಎಡ ಒಳ್ಳೇದು, ಗಂಡಸರಿಗೆ ಬಲ
ಎಂದು ಅತ್ತೆ ಹೇಳಿದ್ದನ್ನು ನಂಬಿ
ವಗ್ಗಾಣಿ ಒಂದು ಹಿಡಿ ಹೆಚ್ಚೇ ಕಲಸಿದೆ,
ಮಿರ್ಚಿಯೂ ತರಿಸಿದೆ.

ಕಟಿಂಗ್ ಮಾಸ್ಟರ್ ಲಾಲಪ್ಪ ಅಂದರೆ
ಕೌಲ್ ಬಜಾರಿಗೆಲ್ಲ ಗೊತ್ತು. ನಾನು ಓವರ್‌ಲಾಕು.
ಹೊಸ ಹುಡುಗ ಇಮಾಮ ಜೀನ್ಸ್ ಬಟ್ಟೆ ಹಾಸಿದ್ದ,
ಮುಖಕ್ಕೆ ಮುಖ ಕೊಟ್ಟು ಹಾಸಬೇಕಾದ್ದನ್ನು
ಎಂಬತ್ತು ಪದರವೂ ಮುಖ ಮೇಲೆ ಮಾಡಿ.
ಇವರೂ ನೋಡಲಿಲ್ಲ. ಕಟರು ಓಡಿಸಿದರು.
ಎಂಬತ್ತೂ ಎಡಗಾಲೇ.
ಜೋಡಿಗೆ ಒಂದು ಬಲಗಾಲಿಲ್ಲ.
ಬೈಯಲು ತೆರೆದ ಬಾಯಿ
ಒಂದು ಕಡೆ ಉಳಿಯಿತು, ಇನ್ನೊಂದು ಕಡೆ ಜಾರಿತು.
ಬಲಗೈಯಿಂದ ಚಾಕ್‌ಪೀಸು ಬಿತ್ತು.

ದೊಡ್ಡಾಸ್ಪತ್ರೆಯ ನಾಗವೇಣಿ ಡಾಕ್ಟರಮ್ಮ
ಕಪ್ಪು ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು
"ಇಲ್ಲಿ, ಎಡಕ್ಕೆ, ಒಂದು ಸಾಸಿವೆ ಕಾಳಷ್ಟು" ಅಂದರು.
ಬೆರಳಿದ್ದದ್ದು ಬಲಕ್ಕೆ.
"ಫಿಲ್ಮಿನಲ್ಲಿ ಅವರು ನಿನಗೆ ಎದುರಿಗಿದ್ದಾರಮ್ಮ.
ಅವರ ಎಡ, ನಿನ್ನ ಬಲ."

ಮುಖ ಎಡಕ್ಕೆ ಬಿತ್ತು, ಸರಿ.
ಕೈಕಾಲು ಯಾಕೆ ಬಲಕ್ಕೆ?
ಒಂದೇ ಕಾಳು, ಎರಡು ದಿಕ್ಕಿಗೆ ಜಗಳ.
ಚೀಟಿಯ ಬೆನ್ನಿಗೆ ಗೀಟೆಳೆದು ತೋರಿಸಿದರು:
ಮುಖದ ನರ ಆ ಮಟ್ಟದಲ್ಲೇ ಹುಟ್ಟಿ
ಆ ಕಡೆಗೇ ಹೊರಡುತ್ತದೆ.
ಕೈಕಾಲಿನದು ಇನ್ನೂ ಕೆಳಗಿಳಿದು
ಕತ್ತು ಶುರುವಾಗುವಲ್ಲಿ ಗೇಟು ದಾಟುತ್ತದೆ.
ಪೆಟ್ಟು ಬಿದ್ದದ್ದು ಗೇಟಿಗಿಂತ ಮೇಲೆ.

ಗೇಟು ಅಂದದ್ದು ತಿಳಿಯಿತು.
ಹತ್ತೊಂಬತ್ತು ವರ್ಷ ರೈಲ್ವೆ ಗೇಟಿನ ಮುಂದೆ
ಬಂಡಲು ಹೊತ್ತು ನಿಂತವಳು ನಾನು,
ಗುಂತಕಲ್ಲಿನ ಗಾಡಿ ಹೋಗುವವರೆಗೆ
ಹೊಲಿಗೆ ಈ ಕಡೆ, ಗುಂಡಿ ಆ ಕಡೆ.
ಒಳಮೈ ಹೊರಗಿಟ್ಟು ಹೊಲಿದು ತಿರುವಿದರೆ
ಎಡಬಲ ಏನಾಗುತ್ತದೆಂದು
ನಮ್ಮ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.
ದೇವರೂ ಉಲ್ಟಾ ಹಾಕಿಯೇ ಹೊಲಿದಿದ್ದಾನೆ.
ತಿರುವುವಾಗ ಮುಖವೊಂದನ್ನು ಮರೆತ.

ರಾತ್ರಿ ಇವರ ಎಡಗಣ್ಣು ಮುಚ್ಚುವುದಿಲ್ಲ.
ಔಷಧಿ ಬಿಟ್ಟು ರೆಪ್ಪೆಗೆ ಪಟ್ಟಿ ಹಚ್ಚುತ್ತೇನೆ.
ಮೇ ತಿಂಗಳು. ಗುಡ್ಡದ ಬಂಡೆ
ಹಗಲು ಕುಡಿದ ಬಿಸಿಲನ್ನು ನಡುರಾತ್ರಿ ಕಕ್ಕುತ್ತದೆ.
ಹಾಸಿಗೆಯಲ್ಲಿ ನನ್ನ ಜಾಗ ಇವರ ಬಲಕ್ಕೆ.
ಆ ಕೈ ಈಗ ತಾನಾಗಿ ನನ್ನ ಮೇಲೆ ಬರುವುದಿಲ್ಲ,
ನಾನೇ ಎತ್ತಿ ಇಟ್ಟುಕೊಳ್ಳುತ್ತೇನೆ;
ನೆಂದ ಡೆನಿಮ್ ಥಾನಿನ ಭಾರ.
ಒಂದು ಸಲ ಚಿವುಟಿದೆ.
"ಆಯ್" ಅಂದರು, ಅರ್ಧ ಬಾಯಲ್ಲಿ.
ಗೊತ್ತಾಗ್ತದೆ ಅವರಿಗೆ, ಎಲ್ಲಾ ಗೊತ್ತಾಗ್ತದೆ.
ಹೋಗೋ ದಾರಿ ಇದೆ, ಬರೋದು ಬಂದ್.

ಫಿಜಿಯೊ ಹುಡುಗಿ ತಸ್ಮಿಯಾ ಕನ್ನಡಿ ಕೇಳಿದಳು.
ಟ್ರಯಲ್ ನೋಡುವ ಕನ್ನಡಿ ಇಳಿಸಿ
ಕಟಿಂಗ್ ಮೇಜಿನ ನಡುವೆ ನಿಲ್ಲಿಸಿದೆವು.
ಬಲಗೈ ಕನ್ನಡಿಯ ಹಿಂದೆ, ಎಡಗೈ ಮುಂದೆ.
ಮುಚ್ಚಿ. ಬಿಚ್ಚಿ.
ಕನ್ನಡಿಯೊಳಗೆ ಬಲಗೈ ಮುಚ್ಚಿತು, ಬಿಚ್ಚಿತು.
ಇವರು ಅದನ್ನೇ ನೋಡಿದರು,
ಕೊಟ್ಟ ದುಡ್ಡು ತಾನಾಗಿ ತಂದವನನ್ನು ನೋಡುವ ಹಾಗೆ.

ಅಂದಿನಿಂದ ಇವರ ಎದುರು ನಿಲ್ಲದ ಇಮಾಮ
ಬಾಗಿಲಿಂದಲೇ ಕೇಳಿದ:
"ಮಾಸ್ಟರ್, ಆ ಎಂಬತ್ತನ್ನ ಇದ್ರಾಗೆ ಹಿಡಿದ್ರೆ
ಬಲಗಾಲು ಆಗ್ತಾವಲ್ಲ?"
ಇವರು ನಕ್ಕರು.
ನಕ್ಕಿದ್ದು ಬಲಗೆನ್ನೆ.
ನಗುವ ಕೆನ್ನೆ, ಏಳದ ಕೈ
ಎರಡೂ ಒಂದೇ ಮಗ್ಗುಲಿನವೆಂದು
ಆ ಹೊತ್ತೇ ನನ್ನ ಕಣ್ಣಿಗೆ ಬಿದ್ದದ್ದು.

ಆಮೇಲೆ ಎಡಗೈಯಲ್ಲಿ ಚಾಕ್‌ಪೀಸು ಹಿಡಿದು
ಒಂದು ಗೆರೆ ಎಳೆದರು. ಸೊಟ್ಟ.
ಕನ್ನಡಿಯ ಹಿಂದೆ, ಬಲ ಹೆಬ್ಬೆರಳ ಮೇಲಿದ್ದ
ನೀಲಿ ದಾರದ ತುಂಡು ಅಲುಗಿತು.

ಫ್ಯಾನಿನ ಗಾಳಿ ಇರಬಹುದು.
ಎದ್ದು ಹೋಗಿ
ಫ್ಯಾನ್ ಆರಿಸಿ ಬಂದೆ.