ಇನಾಸನ ಅಂಗಡಿಯಲ್ಲಿ ಹತ್ತು ನಿಮಿಷ

ಅಂಕೋಲೆಯಲ್ಲಿ, ಹುಬ್ಬಳ್ಳಿ ರಸ್ತೆ ಕಡಲು ಬಿಟ್ಟು
ಮೂಡಣಕ್ಕೆ ಹೊರಳುವ ಕಡೆ
ತಗಡಿನ ಮಾಡು, ಒಂದು ಹೊಲಿಗೆ ಯಂತ್ರ,
ಚರ್ಮ ಸುಲಿದ ಸೀಟುಗಳು ಗೋಡೆಗೆ ಒರಗಿ
ದವಾಖಾನೆಯ ಬೆಂಚಿನಲ್ಲಿ ಪಾಳಿ ಕಾಯುವ ಹಾಗೆ.

"ಎಲ್ಲಿ ನೋವು?" ಅಂದ ಇನಾಸ,
ನಾಲ್ಕು ಮೊಳೆ ಬಾಯಲ್ಲಿ ಕಚ್ಚಿಕೊಂಡೇ.

ಹೇಳಿದೆ. ಹೇಳುವುದಕ್ಕೇ ಬಂದಿದ್ದೆ.
ನೂರು ಕಿಲೋಮೀಟರಿಗೆ ಬಾಲದೆಲುಬು ಮಾತು ಶುರುಮಾಡುತ್ತದೆ,
ಇನ್ನೂರಕ್ಕೆ ಕೈಬೆರಳಲ್ಲಿ ಇರುವೆ,
ಅರಬೈಲ್ ಘಾಟಿ ಇಳಿಯುವಾಗ ಟ್ಯಾಂಕಿಗೆ ಜಾರಿ
ಗಂಡಸಿಗಷ್ಟೇ ತಿಳಿಯುವ ಪೆಟ್ಟು.
ಹ್ಯಾಂಡಲ್ ಎರಡಿಂಚು ಎತ್ತಿಸಿದ್ದು, ಗಾಳಿಗೆ ಗ್ಲಾಸು ಕೂರಿಸಿದ್ದು,
ಜೆಲ್ಲಿನ ದಿಂಬು, ಕುರಿ ತುಪ್ಪಟದ ಹಾಸು,
ಪಂಢರಪುರದ ದಾರಿಯಲ್ಲಿ ಯಾರೋ ಹೇಳಿದರೆಂದು
ಸೈಕಲ್ ಟ್ಯೂಬಿಗೆ ಅರ್ಧ ಗಾಳಿ ತುಂಬಿ ಅದರ ಮೇಲೆ ಕೂತದ್ದು.
ಹನ್ನೊಂದು ವರ್ಷದ ನನ್ನ ಕುಂಡೆಯ ಚರಿತ್ರೆಯನ್ನು
ಅವನು ಮೊಳೆ ಉಗುಳದೆ ಕೇಳಿದ.

ಆಮೇಲೆ ಕವರು ಬಿಚ್ಚಿದ.
ಹಳದಿ ಸ್ಪಂಜು, ವಾರದ ಹಿಂದಿನ ಬ್ರೆಡ್ಡಿನ ಹಾಗೆ.
ಬಂಗಡೆ ತಾಜಾ ಹೌದೋ ಅಲ್ಲವೋ ಒತ್ತಿ ನೋಡುವಂತೆ
ಹೆಬ್ಬೆರಳಲ್ಲಿ ಒತ್ತುತ್ತ ಹೋದ.
"ನಿಮ್ಮದು ಚಲೋನೇ ಉಂಟು. ಇಲ್ಲೊಂದು ಗುಳಿ ತೋಡಿದ್ರೆ ಆಯ್ತು.
ಮೆತ್ತಗಿದ್ರೆ ಸುಖ ಅಂತ ತಿಳ್ಕೊಂಡೀರಿ.
ಮೆತ್ತಗಾದ್ರೆ ಎಲುಬು ಮುಳುಗ್ತದೆ, ಅಷ್ಟೇಯ.
ಹಿಂದೆ ಯಾರು ಕೂರೂದು?"

ಹೆಂಡತಿ, ಅಂದೆ.
"ಏನೂ ಹೇಳೂದಿಲ್ವ?"
ಇಲ್ಲಪ್ಪ. ಅವಳಿಗೇನೂ ತ್ರಾಸಿಲ್ಲ. ಹೆಸರೇ ಸುಲಭಾ.

ಇನಾಸ ನಗಲಿಲ್ಲ. ನನ್ನ ಬೆರಳು ಹಿಡಿದು
ಹಿಂದಿನ ಸ್ಪಂಜಿನ ಮೇಲಿಟ್ಟ.
ಎಡಗಡೆ ತಳದ ತಗಡೇ ಕೈಗೆ ತಾಗಿತು.
ಬಲಗಡೆ ಇನ್ನೂ ಷೋರೂಮಿನಿಂದ ಬಂದ ಹಾಗಿತ್ತು.
"ಅರ್ಧದಲ್ಲೇ ಕೂತಿದ್ದಾರೆ," ಅಂದ, "ಬಹಳ ವರ್ಷ.
ಮುಂದಕ್ಕೆ ಇಳಿಜಾರು ಬೇರೆ. ಬ್ರೇಕು ಹಿಡಿದಾಗೆಲ್ಲ
ನಿಮ್ಮ ಮೇಲೆ ಬೀಳೂದು ಬೇಡ ಅಂತ
ಹಿಂದಿನ ಸರಳು ಹಿಡಿದಿರ್ತಾರೆ. ಅಂಗೈ ನೋಡೀರಾ?"

ನೋಡಿಲ್ಲ.
ಬಿಜಾಪುರದ ಬಿಸಿಲಲ್ಲಿ ಅವಳು
ನನ್ನ ಬೆನ್ನಿಗೆ ಹಣೆ ಕೊಟ್ಟು ಕೂತದ್ದನ್ನು
ನಾನು ಪ್ರೀತಿಯ ಲೆಕ್ಕಕ್ಕೆ ಬರೆದುಕೊಂಡಿದ್ದೆ.

ಸ್ಪಂಜನ್ನು ಹಾಗೇ ಗಾಡಿ ಮೇಲಿಟ್ಟ,
ನಡು ಸ್ಟ್ಯಾಂಡಿಗೆ ಎಳೆದ.
"ಹಿಂದೆ ಕುಂತ್ಕಳಿ. ನಾನು ಚಾ ಕುಡಿದು ಬರ್ತೆ."

ಕೂತೆ.
ಮೊಣಕಾಲು ಎದೆಗೆ ಬಂತು.
ಮುಂದೆ ನನ್ನದೇ ಹೆಲ್ಮೆಟಿನ ಹಿಂಭಾಗವನ್ನು ಊಹಿಸಿಕೊಂಡೆ:
ದಿನಕ್ಕೆ ನಾನೂರು ಕಿಲೋಮೀಟರು ಅವಳು ನೋಡಿದ ಊರುಗಳು.
ಲಾರಿಯೊಂದು ಹಾದು ನೆಲ ನಡುಗಿತು,
ಕೈ ತಾನೇ ಸರಳು ಹುಡುಕಿತು,
ಸರಳು ಅಂಗೈಯ ಬುಡದಲ್ಲಿ ಕಚ್ಚಿತು.
ಬಲಗಡೆ ಚೀಲದ ಬಕಲು ತೊಡೆಗೆ ಚುಚ್ಚಿ
ಸೊಂಟ ಮೆಲ್ಲಗೆ ಎಡಕ್ಕೆ ಸರಿಯಿತು, ನನ್ನನ್ನು ಕೇಳದೆ.
ಆ ಚೀಲ ನಾನೇ ಕಟ್ಟಿಸಿದ್ದು,
ಜೆಲ್ಲಿನ ದಿಂಬು ಇಡಲು.

ಗಾಡಿ ನಿಂತೇ ಇತ್ತು.

ಫೋನು ಮಾಡಿದೆ. ಹಿಂದಿನ ಸೀಟು ಹೇಗೆ ಬೇಕು, ಕೇಳಿದೆ.
ಆಚೆ, ಕಾರವಾರದ ಸೊಸೈಟಿ ಬ್ಯಾಂಕಿನಲ್ಲಿ,
ನೋಟೆಣಿಸುವ ಯಂತ್ರ ಓಡುತ್ತಿದ್ದದ್ದು ನಿಂತಿತು.
ನಗುತ್ತಾಳೇನೋ ಅಂದುಕೊಂಡೆ.

"ಬರಕೊಳ್ಳಿ," ಅಂದಳು.
"ಹೊಲಿಗೆ ಅಡ್ಡ ಬರಬಾರದು, ಮಳೆನೀರು ಅಲ್ಲೇ ನಿಲ್ತದೆ.
ನುಣುಪು ರೆಗ್ಜಿನ್ ಬೇಡ, ಚೂಡಿದಾರ ಜಾರ್ತದೆ.
ಮುಂದಿನದಕ್ಕಿಂತ ಎರಡು ಬೆರಳು ಎತ್ತರ ಸಾಕು, ನಾಲ್ಕು ಬೇಡ,
ನಾಲ್ಕಾದ್ರೆ ಗಾಳಿ ಎಲ್ಲ ನನ್ನ ಮುಖಕ್ಕೇ.
ಕಾಲಿಡುವ ಕಡ್ಡಿ ಸ್ವಲ್ಪ ಕೆಳಕ್ಕೆ ಆಗ್ತದಾ ಕೇಳಿ.
ಮತ್ತೆ ಬಲಗಡೆ..."
ಗೊತ್ತಾಯ್ತು, ಅಂದೆ.
"ಇಲ್ಲ. ಪೂರ್ತಿ ಕೇಳಿ."

ಇನಾಸನ ಬಿಲ್ಲು ಪುಸ್ತಕದ ಹಿಂದೆ ಬರೆಯುತ್ತ ಹೋದೆ,
ಒಂದು ಹಾಳೆ, ಇನ್ನೊಂದು,
ಹಿಂದೆಯೇ ಕೂತು.
ಅವನು ಬಂದ, ನೋಡಿದ,
ಇನ್ನೊಂದು ಚಾಕ್ಕೆ ಹೋದ.